ಆರು ಪೆಟ್ಟಿಗೆ, ಎರಡೇ ದನಿ!

ಬೆವರು ಸುರಿಸಿ ದುಡಿದ ದುಡ್ಡಿನಲ್ಲಿ ಐದು ಸ್ಪೀಕರು, ಒಂದು ಸಬ್‌ವೂಫರ್ ಮನೆಗೆ ತರುತ್ತೀರಿ. ಜೋಡಿಸಲು ಬಂದವನು ಕೆಂಪು, ಬಿಳಿ ವೈರು ಚುಚ್ಚಿ, ಕೂಲಿ ಎಣಿಸಿಕೊಂಡು ಹೊರಡುತ್ತಾನೆ. ಶಬ್ದವೇನೋ ಬರುತ್ತದೆ. ಆದರೆ ಆ ವೈರಿನಲ್ಲಿ ಹರಿಯುವುದು ಎಡ, ಬಲ ಎರಡೇ ದನಿ! ನಾಲ್ಕು ಬಣ್ಣದ ಚಿತ್ರವನ್ನು ಎರಡೇ ಪ್ಲೇಟಿನಲ್ಲಿ ಮುದ್ರಿಸಿ ಪೂರ್ತಿ ಕಾಸು ಕಿತ್ತಂತೆ.

ಇದು ಬ್ರಹ್ಮವಿದ್ಯೆಯಲ್ಲ. ಕೇಬಲ್ ಬಾಕ್ಸಿನಿಂದ ಟಿವಿಗೆ ಒಂದು ಎಚ್‌ಡಿಎಂಐ ಕೇಬಲ್. ಟಿವಿಯ ಹಿಂದೆ ‘ಎಆರ್‌ಸಿ’ ಎಂದು ಬರೆದ ಕಿಂಡಿಯಿಂದ ಆಂಪ್ಲಿಫೈಯರಿನ ‘ಎಆರ್‌ಸಿ’ ಇರುವ ‘ಔಟ್’ ಕಿಂಡಿಗೆ ಇನ್ನೊಂದು. ಹೌದು, ‘ಔಟ್’ಗೇ! 2009ರ ಎಚ್‌ಡಿಎಂಐ 1.4ರಿಂದ ಟಿವಿಯ ಶಬ್ದ ಅದೇ ಕೇಬಲಿನಲ್ಲಿ ಹಿಂದಕ್ಕೂ ಹರಿಯಬಲ್ಲದು. ಹಳೆಯ ಟಿವಿಯೇ? ಬಾಕ್ಸಿನಲ್ಲಿ ಆಪ್ಟಿಕಲ್ ಕಿಂಡಿಯಿದ್ದರೆ ಅಲ್ಲಿಂದಲೇ ಆಂಪ್ಲಿಫೈಯರಿಗೆ ಎಳೆಯಿರಿ.

ಕೇಬಲ್ ಎಳೆದರೆ ಅರ್ಧ ಕೆಲಸ. ಟಿವಿ, ಬಾಕ್ಸ್ ಎರಡರ ಸೆಟಿಂಗಿನಲ್ಲೂ ‘ಪಿಸಿಎಂ’ ತೆಗೆದು ‘ಡಾಲ್ಬಿ ಡಿಜಿಟಲ್’ ಆರಿಸಿ. ಟಿವಿಯ ಸ್ವಂತ ಸ್ಪೀಕರಿನ ಬಾಯಿ ಮುಚ್ಚಿಸಿ. ಚಾನೆಲ್ಲೇ ಎರಡು ದನಿ ಕಳಿಸಿದರೆ ಯಾರೂ ಅದನ್ನು ಅಸಲಿ ಆರು ಮಾಡಲಾರರು, ನಿಜ. ಆದ್ದರಿಂದ 5.1 ದನಿ ಕಳಿಸುವ ಚಾನೆಲ್ ಹಾಕಿ ನೋಡಿ. ಆಂಪ್ಲಿಫೈಯರಿನ ಮುಖದ ಮೇಲೆ ‘ಡಾಲ್ಬಿ ಡಿಜಿಟಲ್’ ಎಂಬ ಅಕ್ಷರ ಮೂಡಿದ ಮೇಲೆಯೇ ಕೂಲಿ ಕೊಡಿ!