ಔಷಧ ಉಂಟು, ಉದ್ಯೋಗ ಉಳಿಯುವುದೆ?

ಕ್ಷಯರೋಗವನ್ನು ನಮ್ಮ ಪ್ರಾಚೀನ ವೈದ್ಯರು ರಾಜಯಕ್ಷ್ಮವೆಂದು ಕರೆದರು. ರೋಗಗಳಿಗೆಲ್ಲ ಅದು ರಾಜನೆಂದು ಕೆಲವರು ಅರ್ಥ ಹೇಳುವರು. ಚಂದ್ರರಾಜನನ್ನು ಹಿಡಿದ ರೋಗವಾದುದರಿಂದ ಆ ಹೆಸರು ಬಂದಿತೆಂದು ಮತ್ತೆ ಕೆಲವರು ಹೇಳುವರು. ಹೆಸರಿನ ಮೂಲ ಏನೇ ಇರಲಿ, ಈ ರಾಜನ ಕಂದಾಯವನ್ನು ಹೆಚ್ಚಾಗಿ ತೆರುವವರು ಪ್ರಾಯದವರು. ಅದು ಮುದುಕರನ್ನೂ ಮಕ್ಕಳನ್ನೂ ಬಿಡುವುದಿಲ್ಲ, ನಿಜ. ಆದರೆ ಹದಿನೈದರಿಂದ ನಲವತ್ತೈದರವರೆಗಿನ ವಯಸ್ಸಿನವರು, ಎಂದರೆ ಓದು ಮುಗಿಸಿ ದುಡಿಮೆಗೆ ಇಳಿಯುವವರು, ಹೊಸದಾಗಿ ಸಂಸಾರ ಹೂಡುವವರು, ರೋಗಿಗಳ ಸಾಲಿನಲ್ಲಿ ಬಹು ದೊಡ್ಡ ಸಂಖ್ಯೆಯಲ್ಲಿ ನಿಂತಿರುತ್ತಾರೆ. ಪ್ರಪಂಚದ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದವರು. ಆದುದರಿಂದ ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಮಿತ್ರರಿಗೆ ಇದು ದೂರದ ಮಾತಲ್ಲ.

ಈ ರೋಗವನ್ನು ಗುಣಪಡಿಸುವ ಬಗೆ ವಿಜ್ಞಾನಕ್ಕೆ ತಿಳಿದಿದೆ. 1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ತಾನು ಕಂಡುಹಿಡಿದ ಕ್ಷಯದ ರೋಗಾಣುವನ್ನು ಬರ್ಲಿನ್ನಿನ ವಿದ್ವತ್ಸಭೆಗೆ ತೋರಿಸಿಕೊಟ್ಟನು. ಈ ರೋಗಾಣು ಬಹಳ ಸೋಮಾರಿ. ನಮ್ಮ ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಗಳು ಅನುಕೂಲ ಪರಿಸ್ಥಿತಿಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತವೆ. ಇದಕ್ಕೆ ಹೆಚ್ಚು ಕಡಮೆ ಒಂದು ಇಡೀ ದಿನ ಬೇಕು. ಬೆಳೆಯುತ್ತಿರುವ ರೋಗಾಣುವಿನ ಮೇಲೆ ಔಷಧ ಚೆನ್ನಾಗಿ ನಾಟುತ್ತದೆ. ಮಲಗಿರುವುದರ ಮೇಲೆ ಅಷ್ಟಾಗಿ ನಾಟುವುದಿಲ್ಲ. ಆದುದರಿಂದಲೇ ಮೊದಲ ಎರಡು ತಿಂಗಳು ನಾಲ್ಕು ಔಷಧಗಳನ್ನೂ ಅನಂತರ ನಾಲ್ಕು ತಿಂಗಳು ಮೂರು ಔಷಧಗಳನ್ನೂ, ಒಟ್ಟು ಆರು ತಿಂಗಳು, ಬಿಡದೆ ಸೇವಿಸಬೇಕು. ಔಷಧಕ್ಕೆ ಬಗ್ಗುವ ಸಾಮಾನ್ಯ ಕ್ಷಯವಾದರೆ, ಚಿಕಿತ್ಸೆ ಆರಂಭವಾದ ಕೆಲವೇ ವಾರಗಳಲ್ಲಿ ರೋಗಿಯಿಂದ ಇತರರಿಗೆ ಸೋಂಕು ತಗಲುವ ಸಂಭವ ಬಹುಮಟ್ಟಿಗೆ ತಗ್ಗುತ್ತದೆ. ಜ್ವರ ಇಳಿಯುತ್ತದೆ, ಹಸಿವು ಮರಳುತ್ತದೆ. ಹಗುರವಾದ ಕೆಲಸಕ್ಕೆ ಅನೇಕರು ಒಂದೆರಡು ತಿಂಗಳಲ್ಲೇ ಸಮರ್ಥರಾಗುತ್ತಾರೆ.

ಹೀಗೆ ಮನೆಯಲ್ಲಿದ್ದುಕೊಂಡೇ ಗುಣವಾಗಬಹುದೆಂದು ಲೋಕಕ್ಕೆ ತೋರಿಸಿಕೊಟ್ಟುದು ಭಾರತದಲ್ಲಿ ನಡೆದ ಒಂದು ಪ್ರಯೋಗ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅದಕ್ಕೆ ಮುಂಚೆ ಕ್ಷಯವೆಂದರೆ ಸ್ಯಾನಟೋರಿಯಂ. ಊರಿನಿಂದ ದೂರ, ಒಳ್ಳೆಯ ಗಾಳಿ, ಹಾಲು ಮೊಟ್ಟೆ, ತಿಂಗಳುಗಟ್ಟಲೆ ವಿಶ್ರಾಂತಿ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಎದ್ದ ಸ್ಯಾನಟೋರಿಯಂ ಅಂಥದೇ ಆಗಿದ್ದಿತು. ಅರಮನೆಯನ್ನೂ ಬಿಡದ ರೋಗ ಇದೆಂಬುದಕ್ಕೆ ಆ ಹೆಸರೇ ಸಾಕ್ಷಿ. ಆದರೆ ದೇಶದ ರೋಗಿಗಳಿಗೆಲ್ಲ ಅಷ್ಟು ಹಾಸಿಗೆಗಳನ್ನು ತರುವುದೆಲ್ಲಿಂದ? 1956ರಲ್ಲಿ ಮದರಾಸಿನಲ್ಲಿ ಕ್ಷಯ ಔಷಧ ಚಿಕಿತ್ಸಾ ಕೇಂದ್ರವೊಂದು ಆರಂಭವಾಯಿತು. ನಗರದ ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಂನಲ್ಲಿ ಇರಿಸಿದರು, ಕೆಲವರಿಗೆ ಅವರವರ ಇಕ್ಕಟ್ಟಾದ ಮನೆಗಳಲ್ಲೇ ಔಷಧ ಕೊಟ್ಟರು. ಯಾರು ಎಲ್ಲಿಗೆ ಎಂಬುದನ್ನು ವೈದ್ಯರು ಆರಿಸಲಿಲ್ಲ, ಯಾದೃಚ್ಛಿಕವಾಗಿ ಗೊತ್ತುಮಾಡಿದರು. 1959ರಲ್ಲಿ ಪ್ರಕಟವಾದ ಫಲಿತಾಂಶ ಅನೇಕರನ್ನು ಬೆರಗುಗೊಳಿಸಿತು. ಮನೆಯ ರೋಗಿಗಳು ಹೆಚ್ಚು ಕಡಮೆ ಸ್ಯಾನಟೋರಿಯಂನವರಷ್ಟೇ ಗುಣವಾಗಿದ್ದರು. ರೋಗಿ ಮನೆಯಲ್ಲೇ ಇದ್ದನೆಂಬ ಕಾರಣಕ್ಕೆ ಅವನ ಹೆಂಡತಿ ಮಕ್ಕಳಿಗೆ ಹೆಚ್ಚಾಗಿ ರೋಗ ತಗಲಿರಲಿಲ್ಲ.

ಸ್ಯಾನಟೋರಿಯಂನ ಗೋಡೆಗಳು ಅಂದೇ ಬಿದ್ದವೆನ್ನಬಹುದು. ಆದರೆ ಉದ್ಯೋಗದ ಲೋಕದಲ್ಲಿ ಅವು ಇನ್ನೂ ನಿಂತಿವೆ ಎಂಬುದು ನಮ್ಮ ಆಕ್ಷೇಪ. ಕ್ಷಯ ಬಂದವನು ಕೆಲಸ ಬಿಟ್ಟು ಹೋಗತಕ್ಕವನು ಎಂಬ ಹಳೆಯ ಭಾವನೆ ಕಾರ್ಖಾನೆಯ ಬಾಗಿಲಲ್ಲಿಯೂ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆಯೂ ಹಾಗೆಯೇ ಕುಳಿತಿದೆ. ಕಾನೂನು ಅದನ್ನು ಅಲ್ಲಿಂದ ಪೂರ್ತಿಯಾಗಿ ಎಬ್ಬಿಸಿಲ್ಲ.

ಇಪ್ಪತ್ತೆರಡು ವರ್ಷದ ಯುವಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಡಿಪ್ಲೊಮಾ ಮುಗಿಸಿ, ಜುಲೈ 1ರಂದು ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದಕ್ಕೆ ತಿಂಗಳಿಗೆ 18,000 ರೂಪಾಯಿ ಸಂಬಳದ ಮೇಲೆ ಸೇರಿದ್ದಾನೆ. ಅಕ್ಟೋಬರಿನಲ್ಲಿ ಕೆಮ್ಮು; ನವೆಂಬರ್ ಮೊದಲಲ್ಲಿ ಕಫಪರೀಕ್ಷೆಯಾಗಿ ಕ್ಷಯವೆಂದು ಗೊತ್ತಾಗಿ ಚಿಕಿತ್ಸೆ ಆರಂಭವಾಗುತ್ತದೆ. ಅವನು ಕಾರ್ಮಿಕರ ರಾಜ್ಯ ವಿಮಾ ಯೋಜನೆಗೆ, ಜನ ಇ.ಎಸ್.ಐ. ಎಂದು ಕರೆಯುವ ಯೋಜನೆಗೆ, ಸೇರಿದವನು. 1948ರ ಅಧಿನಿಯಮದಿಂದ ಹುಟ್ಟಿ, 1952ರಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಕಾರ್ಯಾರಂಭ ಮಾಡಿದ ಈ ಯೋಜನೆ ನಮ್ಮ ದೇಶದ ಹೆಮ್ಮೆಯ ಕೆಲಸಗಳಲ್ಲೊಂದು. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ವೈದ್ಯಸಹಾಯ ನೌಕರನಿಗೆ ಮೊದಲ ದಿನದಿಂದಲೇ ದೊರೆಯುತ್ತದೆ. ಆದರೆ ಹಣದ ಮಾತು ಬೇರೆ. ಕಾಯಿಲೆಯ ದಿನಗಳಲ್ಲಿ ಸಂಬಳದ ಶೇಕಡ 70ರಷ್ಟನ್ನು ಕೊಡುವ ಅನಾರೋಗ್ಯ ಭತ್ಯ, ಹೊಸದಾಗಿ ಸೇರಿದವನಿಗೆ ಒಂಬತ್ತು ತಿಂಗಳು ಕಳೆದ ಮೇಲೆ ಲಭ್ಯ. ನಮ್ಮ ಯುವಕನಿಗೆ ಆ ಬಾಗಿಲು ತೆರೆಯುವುದು ಏಪ್ರಿಲ್ 1ರಂದು. ಅಷ್ಟು ಹೊತ್ತಿಗೆ ಅವನ ಚಿಕಿತ್ಸೆ ಕೊನೆಯ ತಿಂಗಳಿಗೆ ಬಂದಿರುತ್ತದೆ! ತೆರೆದ ಮೇಲೆಯೂ ವರ್ಷಕ್ಕೆ 91 ದಿನಗಳೇ ಮಿತಿ. ಚಿಕಿತ್ಸೆಯೋ 180 ದಿನಗಳದು. ಕ್ಷಯ, ಅರ್ಬುದ ಮೊದಲಾದ 34 ದೀರ್ಘರೋಗಗಳಿಗೆ ಶೇಕಡ 80ರಷ್ಟು ಸಂಬಳವನ್ನು ಎರಡು ವರ್ಷಗಳವರೆಗೂ ಕೊಡಬಲ್ಲ ವಿಸ್ತೃತ ಭತ್ಯವೊಂದು ಉಂಟು. ಬಹು ಉದಾರವಾದ ಏರ್ಪಾಡು. ಆದರೆ ಅದಕ್ಕೆ ಎರಡು ವರ್ಷ ಎಡೆಬಿಡದೆ ಕೆಲಸ ಮಾಡಿರಬೇಕು, ಆ ಅವಧಿಯಲ್ಲಿ 156 ದಿನಗಳ ವಂತಿಗೆ ಕಟ್ಟಿರಬೇಕು. ಇಪ್ಪತ್ತೆರಡರ ಹುಡುಗ ಎರಡು ವರ್ಷದ ಸೇವೆಯನ್ನು ಎಲ್ಲಿಂದ ತರಬೇಕು? ನಲವತ್ತು ವರ್ಷದ ಗೃಹಸ್ಥನನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ನಿಯಮವಿದು. ಅವನಿಗೆ ಅದು ಕೊಡೆಯಾಗುತ್ತದೆ; ತರುಣನು ಮಳೆಯಲ್ಲೇ ನಿಲ್ಲುತ್ತಾನೆ.

ಇಷ್ಟಾದರೂ ಅವನು ಯೋಜನೆಯ ಒಳಗಿದ್ದಾನೆ. ಹತ್ತಕ್ಕಿಂತ ಕಡಮೆ ಜನರಿರುವ ಅಂಗಡಿಯಲ್ಲಿ ದುಡಿಯುವವನು ಸಾಮಾನ್ಯವಾಗಿ ಹೊರಗೆ. 1961ರ ಅಧಿನಿಯಮದ ಪ್ರಕಾರ ಅಪ್ರೆಂಟಿಸ್ ಆಗಿ ಸೇರಿದವನೂ ಹೊರಗೆ, ಏಕೆಂದರೆ ಕಾನೂನಿನ ದೃಷ್ಟಿಯಲ್ಲಿ ಅವನು ನೌಕರನಲ್ಲ, ಕಲಿಯುವವನು.

ಸರಕಾರದ ನೇರ ನೆರವನ್ನೂ ನೋಡೋಣ. ನಿಕ್ಷಯ ಪೋಷಣ ಯೋಜನೆಯಲ್ಲಿ 2018ರ ಏಪ್ರಿಲಿನಿಂದ ಪ್ರತಿಯೊಬ್ಬ ಕ್ಷಯರೋಗಿಗೂ ಚಿಕಿತ್ಸೆ ಮುಗಿಯುವವರೆಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. 2024ರ ನವೆಂಬರಿನಿಂದ ಅದು 1,000 ಆಗಿದೆ. ದಿನಕ್ಕೆ 33 ರೂಪಾಯಿ. ಇದು ಊಟದ ಪೋಷಣೆಗೆಂದು ಕೊಟ್ಟ ಹಣ, ಸಂಬಳದ ಬದಲಿಗೆ ಕೊಟ್ಟುದಲ್ಲ. ಆದರೆ ಸಂಬಳವೇ ನಿಂತ ಮನೆಯಲ್ಲಿ ಈ ಭೇದ ನಿಲ್ಲುವುದಿಲ್ಲ. ಅದು ಬಾಡಿಗೆಗೂ ಬಸ್ಸಿಗೂ ಹೋಗುತ್ತದೆ. ಊಟವೇ ಕಡಮೆಯಾದರೆ ಏನಾಗುವುದೆಂಬುದಕ್ಕೆ ಈಚೆಗೆ ಒಳ್ಳೆಯ ಪ್ರಮಾಣ ದೊರೆತಿದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ತಮ್ಮ ಸಹೋದ್ಯೋಗಿಗಳೊಡನೆ ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳನ್ನು ಸೇರಿಸಿಕೊಂಡು ನಡೆಸಿದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ರೋಗಿಗಳಿಗೆಲ್ಲ ತಿಂಗಳ ಆಹಾರಸಾಮಗ್ರಿ ಕೊಟ್ಟರು. ಅರ್ಧದಷ್ಟು ಕಡೆಗಳಲ್ಲಿ ಮನೆಯ ಇತರರಿಗೂ ಕೊಟ್ಟರು. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡ 39ರಷ್ಟು ತಗ್ಗಿತು. ಮೊದಲ ಎರಡು ತಿಂಗಳಲ್ಲಿ ಮೈತೂಕ ಶೇಕಡ 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಬಹಳ ಕಡಮೆಯಾಗಿದ್ದಿತು. ದುಡಿಯುವ ಮಗನ ಸಂಬಳ ನಿಂತರೆ ಅವನ ತಟ್ಟೆಯೊಂದೇ ಬರಿದಾಗುವುದಿಲ್ಲ, ತಂಗಿಯ ತಟ್ಟೆಯೂ ಬರಿದಾಗುತ್ತದೆ. ಅವಳು ಅದೇ ಕೋಣೆಯ ಗಾಳಿಯನ್ನು ಉಸಿರಾಡುತ್ತಾಳೆ.

ಇಲ್ಲಿ ಬೇರೊಂದು ಪ್ರಶ್ನೆ ಬರುತ್ತದೆ. ರೋಗಿಗೆ ಕೆಲಸದ ಭದ್ರತೆ ಕೊಡುವುದು ಕರುಣೆಯ ಮಾತಾಯಿತು, ವಿಜ್ಞಾನಕ್ಕೆ ಅದರಿಂದೇನು ಎಂದು ಕೇಳಬಹುದು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಒಂದು ಹಳೆಯ ಅಧ್ಯಯನ ನೆನಪಿಗೆ ಬರುತ್ತದೆ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ರೋಗಿಗಳನ್ನು ಕಂಡು ಮಾತನಾಡಿಸಿ, 1963ರಲ್ಲಿ ಅದನ್ನು ಪ್ರಕಟಿಸಿದರು. ಹಳ್ಳಿಗರು ಅಜ್ಞಾನದಿಂದ ರೋಗವನ್ನು ಅಲಕ್ಷಿಸುತ್ತಾರೆಂಬ ನಂಬಿಕೆ ಅದರಿಂದ ಸುಳ್ಳಾಯಿತು. ಬಹುತೇಕ ರೋಗಿಗಳಿಗೆ ತಮಗೇನೋ ಆಗಿದೆಯೆಂಬ ಅರಿವಿದ್ದಿತು. ಅರ್ಧದಷ್ಟು ಜನ ಆಗಲೇ ವೈದ್ಯರ ಬಳಿಗೂ ಹೋಗಿದ್ದರು. ಇಂದಿನ ಕಾರ್ಖಾನೆಯ ಹುಡುಗನೂ ಅಜ್ಞಾನಿಯಲ್ಲ. ಎರಡು ವಾರಕ್ಕೆ ಮೀರಿದ ಕೆಮ್ಮೆಂದರೇನೆಂದು ಗೋಡೆಗೋಡೆಯ ಮೇಲಿನ ಚಿತ್ರಪಟ ಅವನಿಗೆ ಹೇಳಿದೆ. ಹೇಳಿದರೆ ಕೆಲಸ ಹೋಗುವುದೆಂಬುದೂ ಅವನಿಗೆ ಗೊತ್ತು. ಆದುದರಿಂದ ಅಂಗಡಿಯ ಕೆಮ್ಮಿನ ಔಷಧಿ ಕುಡಿದು, ಇನ್ನೊಂದು ತಿಂಗಳು ಪಾಳಿಗೆ ಹೋಗುತ್ತಾನೆ. ಆ ಒಂದು ತಿಂಗಳೇ ಪಕ್ಕದ ಯಂತ್ರದವನಿಗೆ ಅಪಾಯದ ತಿಂಗಳು; ಔಷಧ ಆರಂಭವಾದ ಮೇಲಿನದಲ್ಲ. ಯಜಮಾನನು ಹೆದರಬೇಕಾದುದು ಗೊತ್ತಾದ ಕ್ಷಯಕ್ಕಲ್ಲ, ಮುಚ್ಚಿಟ್ಟ ಕ್ಷಯಕ್ಕೆ. ಕೆಲಸ ಉಳಿಯುವುದೆಂಬ ಭರವಸೆ ಇದ್ದ ಕಡೆ ಪರೀಕ್ಷೆ ಬೇಗ ಆಗುತ್ತದೆ; ಬೇಗ ಪರೀಕ್ಷೆಯಾದ ಕಡೆ ಸೋಂಕು ಕಡಮೆಯಾಗುತ್ತದೆ.

ಆಕ್ಷೇಪಗಳಿಲ್ಲದೆ ಇಲ್ಲ. ಕಾಯುವ ಅವಧಿಯನ್ನು ತೆಗೆದುಹಾಕಿದರೆ ರೋಗ ಬಂದ ಮೇಲೆ ಜನ ಹಣಕ್ಕಾಗಿಯೇ ಕೆಲಸಕ್ಕೆ ಸೇರುವರೆಂದು ವಿಮಾಗಣಿತಜ್ಞರು ಹೇಳುತ್ತಾರೆ. ಸೊಂಟನೋವಿನಂಥ ಕಾಯಿಲೆಗೆ ಈ ಮಾತು ಒಂದಿಷ್ಟು ಒಪ್ಪಬಹುದು. ಕ್ಷಯವನ್ನು ನಟಿಸುವುದು ಹೇಗೆ? ಕಫದಲ್ಲಿ ರೋಗಾಣು ಕಾಣಬೇಕು. 2012ರಿಂದ ಪ್ರತಿ ರೋಗಿಯ ವಿಷಯವನ್ನೂ ವೈದ್ಯರು ಸರಕಾರಕ್ಕೆ ತಿಳಿಸಲೇಬೇಕು. ಚಿಕ್ಕ ಯಜಮಾನನ ಕಷ್ಟ ಇದಕ್ಕಿಂತ ನಿಜವಾದುದು. ನಾಲ್ಕು ಜನರ ವರ್ಕ್‌ಷಾಪಿನಲ್ಲಿ ಒಬ್ಬನು ಎರಡು ತಿಂಗಳು ಬಾರದಿದ್ದರೆ ಕೆಲಸ ನಿಲ್ಲುತ್ತದೆ. ಆ ಭಾರವನ್ನು ಅವನೊಬ್ಬನ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಸಂಬಳದ ಭಾಗವನ್ನು ಸಾರ್ವಜನಿಕ ನಿಧಿಯೇ ಹೊರಬೇಕು, ಯಜಮಾನನು ಜಾಗವನ್ನು ಮಾತ್ರ ಕಾದಿರಿಸಬೇಕು.

ಜಾಗವನ್ನು ಕಾದಿರಿಸುವುದರಲ್ಲಿ ನಮ್ಮ ಹಳೆಯ ಕಾನೂನು ಅರೆಮನಸ್ಸಿನದಾಗಿದ್ದಿತು. 1948ರ ಅಧಿನಿಯಮದ 73ನೆಯ ವಿಧಿಯು ಅನಾರೋಗ್ಯ ಭತ್ಯ ಪಡೆಯುತ್ತಿರುವ ನೌಕರನನ್ನು ಕೆಲಸದಿಂದ ತೆಗೆಯಬಾರದೆಂದಿತು. ಒಳ್ಳೆಯದೇ, ಆದರೆ ಭತ್ಯವೇ ಇಲ್ಲದವನಿಗೆ ರಕ್ಷಣೆಯೂ ಇಲ್ಲವಾಯಿತು. ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ಆದ ತಿದ್ದುಪಡಿಯಂತೂ ‘ನಿರಂತರ ಅನಾರೋಗ್ಯ’ದ ಕಾರಣ ತೆಗೆದುಹಾಕಿದುದನ್ನು ಪರಿಹಾರಕ್ಕೆ ಅರ್ಹವಾದ ನೌಕರಕಡಿತದ ವ್ಯಾಖ್ಯೆಯಿಂದಲೇ ಹೊರಗಿಟ್ಟಿತು. ಇದಕ್ಕಿಂತ ಉತ್ತಮವಾದ ಮಾದರಿ ನಮ್ಮಲ್ಲೇ ಇದೆ. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮದ ಪ್ರಕಾರ, ಸೋಂಕಿನ ಕಾರಣದಿಂದ ಒಬ್ಬನನ್ನು ಕೆಲಸದಿಂದ ತೆಗೆಯಬೇಕಾದರೆ ಅವನಿಂದ ಇತರರಿಗೆ ಗಣನೀಯ ಅಪಾಯವಿದೆಯೆಂದೋ ಅವನು ಆ ಕೆಲಸಕ್ಕೆ ಅಸಮರ್ಥನೆಂದೋ ಸ್ವತಂತ್ರ ವೈದ್ಯನೊಬ್ಬನು ಬರೆದುಕೊಟ್ಟ ಅಭಿಪ್ರಾಯ ಬೇಕು; ಅವನಿಗೆ ತಕ್ಕ ಅನುಕೂಲ ಮಾಡಿಕೊಡಲು ತನಗಿರುವ ಕಷ್ಟವೇನೆಂದು ಯಜಮಾನನೂ ಬರೆದು ತಿಳಿಸಬೇಕು. ಯಜಮಾನನ ಅಳುಕು ಪ್ರಮಾಣವಲ್ಲ. ಮಾತ್ರೆಗಳಿಂದ ಆರು ತಿಂಗಳಲ್ಲಿ ಪೂರ್ಣ ಗುಣವಾಗುವ ಕ್ಷಯಕ್ಕೆ ಇಂಥ ಪ್ರತ್ಯೇಕ ಕೇಂದ್ರ ಕಾಯಿದೆಯಿಲ್ಲದಿರುವುದು ವಿಚಿತ್ರವಾಗಿ ತೋರುತ್ತದೆ.

2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು, ವಿಮಾ ಯೋಜನೆಯನ್ನು ತನ್ನೊಳಗೆ ತೆಗೆದುಕೊಂಡಿತು. ಹಳೆಯ ಕಟ್ಟಡದಿಂದ ಹೊಸದಕ್ಕೆ ಸಾಮಾನು ಸಾಗಿಸುವಾಗಲೇ ಮುರಿದುದನ್ನು ಸರಿಪಡಿಸುವುದು ಸುಲಭ. ಕಫಪರೀಕ್ಷೆಯಿಂದ ಖಚಿತವಾದ ಕ್ಷಯಕ್ಕೆ ಒಂಬತ್ತು ತಿಂಗಳ ಮತ್ತು ಎರಡು ವರ್ಷದ ನಿಯಮಗಳೆರಡನ್ನೂ ಬಿಟ್ಟು, ಸೇರಿದ ದಿನದಿಂದಲೇ ವಿಸ್ತೃತ ಭತ್ಯವನ್ನು ಕೊಡಬೇಕು. ಅಪ್ರೆಂಟಿಸನನ್ನೂ ಅದರೊಳಕ್ಕೆ ಕರೆದುಕೊಳ್ಳಬೇಕು. ಚಿಕಿತ್ಸೆಯ ಆರು ತಿಂಗಳು ಅವನ ಜಾಗಕ್ಕೆ ಬೇರೊಬ್ಬನನ್ನು ಕಾಯಂ ಆಗಿ ನೇಮಿಸಕೂಡದು. ಅರ್ಬುದದಿಂದ, ತಲಸ್ಸೇಮಿಯದಿಂದ ನರಳುವ ತರುಣರ ಪ್ರಶ್ನೆ ಇನ್ನೂ ಜಟಿಲವಾದುದು, ಅದಕ್ಕೆ ಬೇರೆ ಲೇಖನವೇ ಬೇಕು. ಕ್ಷಯದ ಲೆಕ್ಕವಾದರೋ ಸರಳ: ಆರು ತಿಂಗಳು, ತಿಂಗಳಿಗೆ 14,400 ರೂಪಾಯಿಯಂತೆ, ನಮ್ಮ ಪೀಣ್ಯದ ಹುಡುಗನಿಗೆ ಹೆಚ್ಚೆಂದರೆ 86,400 ರೂಪಾಯಿ.