ಹುರುಪು ಬರಲಿ ಅಂತ ಕಾಯಬ್ಯಾಡ್ರಿ



ದಿನಾ ಮುಂಜಾನೆ ವಾಟ್ಸಾಪ್ ತೆರೆದರೆ ಒಂದು ಉಪದೇಶ ಬಂದು ಬಿದ್ದಿರತೈತಿ. ‘ಐದಕ್ಕೆ ಏಳು, ಓಡು, ಮನಸ್ಸಿದ್ದರೆ ಮಾರ್ಗ.’ ಬರೆದವನ ಮನಿಯೊಳಗ ನೀರು ನಳದಾಗ ಬರತೈತಿ, ಅಡಿಗಿ ಇನ್ಯಾರೋ ಮಾಡ್ತಾರ, ಮನಿ ಮುಂದ ಪಾರ್ಕ್ ಐತಿ. ಇದಕ್ಕೆ ನಮ್ಮ ಸಂಗಾತಿಗಳ ಉತ್ತರವೂ ತಯಾರು: ‘ವಾಕಿಂಗು, ಜಿಮ್ಮು ಹೊಟ್ಟಿ ತುಂಬಿದವರ ಚಟ. ನಾವು ಹುಟ್ಟಾ ದುಡಿದ ಮಂದಿ, ನಮಗ್ಯಾಕ ವ್ಯಾಯಾಮ?’

ಎರಡೂ ಸುಳ್ಳು. ಎರಡನೆಯದು ಹೆಚ್ಚು ಅಪಾಯದ ಸುಳ್ಳು, ಯಾಕಂದ್ರ ಅದು ನಮ್ಮ ಬಾಯಿಂದಲೇ ಬರತೈತಿ.

ಮೊದಲು ದುಡಿಮೆಯ ಮಾತು. ನಮ್ಮ ಅಪ್ಪ-ಅವ್ವಂದಿರು ಇನ್ನೊಬ್ಬರ ಹೊಲದಾಗ ಬಗ್ಗಿ ಕಸ ತಗದ್ರು, ಕಲ್ಲು ಹೊತ್ರು. ಅದರಿಂದ ಅವರ ಮೈ ಗಟ್ಟಿಯಾಯ್ತೇನು? ನಡಾ ಬಿತ್ತು, ಮೊಣಕಾಲು ಸವೀತು. ಸಾಲದ ಊಟ, ಇಲ್ಲದ ವಿಶ್ರಾಂತಿ, ಹತ್ತು ತಾಸು ಒಂದೇ ಭಂಗಿ. ಇದನ್ನು ವ್ಯಾಯಾಮ ಅನ್ನೋದು ಅವರಿಗೆ ಮಾಡುವ ಅವಮಾನ. ದುಡಿಮೆ ಅಂದರೆ ಮೈಯನ್ನು ಇನ್ನೊಬ್ಬರಿಗೆ ಕೊಡೋದು. ವ್ಯಾಯಾಮ ಅಂದರೆ ಅರ್ಧ ತಾಸಾದರೂ ಅದನ್ನು ನಮಗಾಗಿ ಇಟ್ಟುಕೊಳ್ಳೋದು.

ಅಷ್ಟಕ್ಕೂ ನಾವು ಈಗ ಆ ದುಡಿಮೆಯಲ್ಲೂ ಇಲ್ಲ. ಗುಮಾಸ್ತರು, ಮಾಸ್ತರರು, ಡ್ರೈವರುಗಳು ನಾವು. ಬಾಬಾಸಾಹೇಬರು ಕೊಡಿಸಿದ ಕುರ್ಚಿಯೊಳಗ ಕುಂತವರು. ನಾನೂ ಫೈಲು ಹಿಡಿದು ಕೂತ ಗುಮಾಸ್ತನೇ. ಹಗಲು ಕುರ್ಚಿ, ಸಂಜಿಗೆ ಸಭೆ, ಸಭೆ ಮುಗಿದ ಮ್ಯಾಲ ಚಹಾ, ಮಿರ್ಚಿ ಭಜಿ, ಗುಟಕಾ. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲೇ ಹೇಳಿತು. ಅದರೊಳಗ ನಮ್ಮ ಕೇರಿ ಇಲ್ಲ ಅಂತ ತಿಳಕೊಂಡೀರೇನು?

ಸಕ್ಕರೆ ಕಾಯಿಲೆ ನಮ್ಮಿಂದ ಏನು ಕಸಿದಿದೆ ಗೊತ್ತಾ? ಬಾಬಾಸಾಹೇಬರನ್ನು ವರ್ಷಗಟ್ಟಲೆ ಹಿಂಡಿದ್ದು ಅದೇ. 1954ರಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದರು, ಕಣ್ಣು ಮಂಜಾಯಿತು. 1956ರ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಧಮ್ಮಕ್ಕೆ ಬಂದರು. ಎರಡು ತಿಂಗಳೂ ತುಂಬಲಿಲ್ಲ, ಡಿಸೆಂಬರ್ 6ಕ್ಕೆ ಹೋದರು. ಬರೀ 65 ವರ್ಷ. ಎಷ್ಟೋ ಹಸ್ತಪ್ರತಿ ಅರ್ಧಕ್ಕೇ ನಿಂತವು. ಅದು ಅವರ ತಪ್ಪಲ್ಲ, ಕೋಟಿ ಜನರ ಭಾರ ಒಂದೇ ಮೈ ಮೇಲಿತ್ತು. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು 1938ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡರು. ಅರವತ್ತೂ ತುಂಬಲಿಲ್ಲ. ನಾವು ಜಯಂತಿಗೆ ಡಿಜೆ ತರ್ತೀವಿ, ಪರಿನಿಬ್ಬಾಣ ದಿನಕ್ಕೆ ಮೇಣದಬತ್ತಿ ಹಚ್ತೀವಿ. ನಮ್ಮವರು ಇನ್ನೂ ಹತ್ತು ವರ್ಷ ಬದುಕುವಂಗ ಏನು ಮಾಡ್ತೀವಿ?

ಇನ್ನು ‘ಹುರುಪಿಲ್ಲ’ ಅನ್ನೋ ಮಾತು. ಇದು ಬರೀ ಸೋಮಾರಿತನ ಅಲ್ಲ. ಈಸಾಕ ಕಲಿಯೋದು ಎಲ್ಲಿ? ಬಾವ್ಯಾಗ, ಕೆರ್ಯಾಗ. ಬೆನ್ನಿಗೆ ಬೆಂಡು ಕಟ್ಟಿಕೊಂಡು ನಮ್ಮ ಅಜ್ಜಂದಿರು ಯಾರ ಬಾವಿಗೆ ಇಳೀಬೇಕಿತ್ತು? ಕುಸ್ತಿಯೊಳಗ ಮೈಗೆ ಮೈ ತಾಗಬೇಕು. ಮುಟ್ಟಿದರೆ ಮೈಲಿಗೆ ಅಂದ ಊರಾಗ ಯಾರ ಜೋಡಿ ಕುಸ್ತಿ ಹಿಡೀಬೇಕಿತ್ತು? ತಲೆಮಾರುಗಟ್ಟಲೆ ಜಾಗವನ್ನೇ ಕೊಡದೆ, ಈಗ ‘ಮನಸ್ಸು ಮಾಡು’ ಅಂದರೆ ಹೆಂಗ?

ಅದಕ್ಕೇ ಸಂವಿಧಾನದ 15(2)ನೇ ವಿಧಿಯನ್ನು ಇನ್ನೊಮ್ಮೆ ಓದ್ರಿ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸಾರ್ವಜನಿಕ ತಾಣ ಇವುಗಳನ್ನು ಬಳಸಲು ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಅನ್ನುತ್ತದೆ ಅದು. ನಾವು ಇದನ್ನು ಕುಡಿಯುವ ನೀರಿನ ಹಕ್ಕು ಅಂತ ಮಾತ್ರ ಓದಿದ್ದೇವೆ. ಇದು ಈಸುವ ಹಕ್ಕು, ನಡೆಯುವ ಹಕ್ಕು, ಬಯಲಾಗ ಆಡುವ ಹಕ್ಕೂ ಹೌದು. ನಮ್ಮ ಮಹಾಕೂಟದ ಪುಷ್ಕರಣಿಯೊಳಗ ಚಿಲುಮೆಯ ನೀರು ತುಂಬಿರತೈತಿ, ರವಿವಾರ ಹುಡುಗರು ಜಿಗಿದು ಈಸ್ತಾರ. ನಿಮ್ಮ ಮಕ್ಕಳನ್ನು ಕರಕೊಂಡು ಹೋಗಿ ಈಸಾಕ ಕಲಿಸ್ರಿ. ಮಹಾಡದಲ್ಲಿ 1927ರಲ್ಲಿ ಬೊಗಸೆ ನೀರಿಗಾಗಿ ಪೆಟ್ಟು ತಿಂದವರ ಮಕ್ಕಳು ನಾವು.

ಮೈ ಕಟ್ಟೋದು ನಮ್ಮ ಪರಂಪರೆಯಲ್ಲಿ ಇಲ್ಲ ಅನ್ನೋದೂ ಸುಳ್ಳು. ಪುಣೆಯಲ್ಲಿ ಮಾಂಗ್ ಸಮುದಾಯದ ಲಹುಜಿ ಸಾಳ್ವೆ ತಾಲೀಮು ನಡೆಸುತ್ತಿದ್ದರು. ಜೋತಿಬಾ ಫುಲೆಯವರು ಸಾಮು ಕಲಿತದ್ದು ಅವರ ಹತ್ತಿರ. ಫುಲೆ ಶಾಲೆ ತೆರೆದಾಗ ಬೆನ್ನಿಗೆ ನಿಂತವರಲ್ಲಿ ಲಹುಜಿಯೂ ಒಬ್ಬರು. ಅವರ ಮನೆತನದ ಹುಡುಗಿ ಮುಕ್ತಾ ಸಾಳ್ವೆ ಅಲ್ಲೇ ಓದಿ, 1855ರಲ್ಲಿ ಮಾಂಗ್-ಮಹಾರರ ದುಃಖದ ಬಗ್ಗೆ ಪ್ರಬಂಧ ಬರೆದಳು. ತಾಲೀಮು ಮತ್ತು ಶಾಲೆ ಅವರಿಗೆ ಬೇರೆ ಬೇರೆ ಆಗಿರಲಿಲ್ಲ. ನಾವು ಶಾಲೆ ಹಿಡಿದೆವು, ತಾಲೀಮು ಬಿಟ್ಟೆವು.

ಹಂಗಾದ್ರ ಹುರುಪು ಎಲ್ಲಿಂದ ತರೋದು? ಧರಣಿಗೆ ಹೋದ ದಿನಗಳನ್ನು ನೆನಪು ಮಾಡಿಕೊಳ್ರಿ. ಎಲ್ಲಾ ದಿನ ಹುರುಪಿತ್ತೇನು? ಸಂಗಾತಿ ಬಂದು ಬಾಗಿಲಾ ಬಡಿದ, ಎದ್ದು ಹೋದ್ರಿ. ಅಲ್ಲಿ ಹೋದ ಮ್ಯಾಲ ಘೋಷಣೆ ತಾನಾಗೇ ಬಂತು. ಸಂಘಟನೆ ನಡೆಯೋದು ಹುರುಪಿನ ಮೇಲಲ್ಲ, ಗೊತ್ತಾದ ಹೊತ್ತು, ಗೊತ್ತಾದ ಜಾಗ, ಕರೆಯಲು ಬರುವ ಒಬ್ಬ ಮನುಷ್ಯನ ಮೇಲೆ. ವ್ಯಾಯಾಮಕ್ಕೂ ಅದೇ ಲೆಕ್ಕ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ದಿನಕ್ಕೆ ಅರ್ಧ ತಾಸು, ವಾರಕ್ಕೆ ಐದು ದಿನ. ಒಂದು ಸಭೆಯ ಸ್ವಾಗತ ಭಾಷಣಕ್ಕಿಂತ ಕಡಿಮೆ ಹೊತ್ತು! ಆಗದವರು ಹತ್ತು ನಿಮಿಷದಿಂದ ಶುರು ಮಾಡ್ರಿ. ಎದಿನೋವು, ಬಿಪಿ ಇದ್ದವರು ಡಾಕ್ಟರನ್ನು ಕೇಳ್ರಿ. ಒಂದು ದಿನ ತಪ್ಪಿದರೆ ಮರುದಿನ ಹೋಗ್ರಿ, ಒಂದು ಧರಣಿ ತಪ್ಪಿದರೆ ಚಳವಳಿ ಬಿಡ್ತೀರೇನು?

ಇದರ ಜೋಡಿ ಹಕ್ಕಿನ ಕೆಲಸವೂ ಆಗಬೇಕು. ಸಂಜೆ ಶಾಲೆಯ ಬಯಲಿನ ಗೇಟು ತೆರೆಯಲಿ. ಕೇರಿಯ ದಾರಿಗೆ ದೀಪ ಬರಲಿ. ಕತ್ತಲ ರಸ್ತ್ಯಾಗ ನಮ್ಮ ಅಕ್ಕ-ತಂಗಿಯರಿಗೆ ‘ವಾಕಿಂಗ್ ಮಾಡ್ರಿ’ ಅನ್ನೋದು ಯಾವ ಬಾಯಿಂದ? ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ 2013ರಿಂದ ಐತಿ. ಆ ದುಡ್ಡಿನಾಗ ನಮ್ಮ ಕೇರಿಗೆ ಒಂದು ಬಯಲು, ನಾಕು ದೀಪ ಯಾಕ ಬರಲಿಲ್ಲ ಅಂತ ಗ್ರಾಮಸಭೆಯೊಳಗ ಎದ್ದು ನಿಂತು ಕೇಳ್ರಿ. ಮತ್ತ ಸಂಗಾತಿಗಳೇ, ಹೆಂಡತಿ ನಡೆಯಲು ಹೋದ ಅರ್ಧ ತಾಸು ಒಲಿ ಮುಂದ ನೀವು ನಿಂದರ್ರಿ. ಸಮಾನತೆಯ ಭಾಷಣ ಅಲ್ಲಿಂದ ಶುರುವಾಗಲಿ.

ಈ ರವಿವಾರ ಮುಂಜಾನೆ ಆರಕ್ಕೆ ಬಾದಾಮಿಯಿಂದ ಗುಡ್ಡದ ಹಳೇ ಕಾಲುದಾರಿ ಹಿಡಿದು ಮಹಾಕೂಟಕ್ಕೆ ನಡೆಯೋಣ. ಬ್ಯಾನರ್ ಬ್ಯಾಡ, ಭಾಷಣ ಬ್ಯಾಡ. ನೀರಿನ ಬಾಟಲಿ ಇರಲಿ, ಗುಟಕಾ ಮನಿಯಾಗ ಬಿಟ್ಟು ಬರ್ರಿ. ಬರುವಾಗ ಪಕ್ಕದ ಮನಿ ಬಾಗಿಲಾ ಬಡಿದು ಬರ್ರಿ.

ಜೈ ಭೀಮ್. ಜೈ ಸಂವಿಧಾನ.