ಮುಖದ ಮೇಲಿನ ಬೆಳಕು, ಮದುವೆಯ ಬಿಸಿಲು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಛಾಯಾಗ್ರಹಣವನ್ನು ವೃತ್ತಿಯಾಗಿಯೋ ಹವ್ಯಾಸವಾಗಿಯೋ ಕೈಗೊಂಡಿರುವುದು ನನಗೆ ಸಂತೋಷದ ಸಂಗತಿ. ಅವರಲ್ಲಿ ಕೆಲವರು ಬೆಳಕಿನ ನಿಯಮಗಳನ್ನು ವ್ಯಾಕರಣ ಸೂತ್ರಗಳಂತೆ ಕಂಠಪಾಠ ಮಾಡಿಕೊಂಡಿದ್ದಾರೆ. ಇನ್ನು ಕೆಲವರು, "ಸರ್, ಹುಮನಾಬಾದಿನ ಮದುವೆ ಮಂಟಪದಲ್ಲಿ ಆ ನಿಯಮ ಒಂದೂ ನಡೆಯುವುದಿಲ್ಲ" ಎಂದು ಕೈಚೆಲ್ಲುತ್ತಾರೆ. ಪ್ರೌಢಶಾಲೆಯಲ್ಲಿ ಬಹುಕಾಲ ವಿಜ್ಞಾನ ಬೋಧಿಸಿದ ನಾನು ಈ ಎರಡು ನಿಲುವುಗಳಲ್ಲಿ ಯಾವುದನ್ನೂ ಒಪ್ಪಲಾರೆ. ನಿಯಮವನ್ನು ಬಿಡಬೇಕಾಗಬಹುದು; ಅದರ ಹಿಂದಿನ ಕಾರಣವನ್ನು ಮಾತ್ರ ಬಿಡಬಾರದು.

ನಿಯಮವೇನು? ಮುಖ್ಯ ದೀಪವು ಮುಖದ ಒಂದು ಪಕ್ಕಕ್ಕೆ ಸುಮಾರು 45 ಡಿಗ್ರಿ ಕೋನದಲ್ಲಿ, ಕಣ್ಣಿನ ಮಟ್ಟಕ್ಕಿಂತ ತುಸು ಮೇಲಿರಬೇಕು. ಇನ್ನೊಂದು ಪಕ್ಕದಿಂದ ಸೌಮ್ಯವಾದ ಪೂರಕ ಬೆಳಕು ಬರಬೇಕು. ನೆರಳಿನ ಕಡೆಯ ಕೆನ್ನೆಯ ಮೇಲೆ ಒಂದು ಸಣ್ಣ ತ್ರಿಕೋನದಷ್ಟು ಬೆಳಕು ಬಿದ್ದರೆ ಅದನ್ನು 17ನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟನ ಹೆಸರಿನಿಂದಲೇ ಕರೆಯುತ್ತಾರೆ. ಕಾರಣ ಸರಳವಾದುದು. ಮುಖ ಘನವಸ್ತು, ಕಾಗದ ಸಮತಲ. ಮೂಗು ಕೆನ್ನೆಗಳ ಉಬ್ಬು ತಗ್ಗನ್ನು ಕಾಗದದ ಮೇಲೆ ತೋರಿಸಬಲ್ಲದ್ದು ನೆರಳೇ. ಕಣ್ಣೊಳಗೆ ದೀಪದ ಒಂದು ಮಿಂಚು ಬಿದ್ದರೆ ಮಾತ್ರ ಮುಖಕ್ಕೆ ಜೀವ ಬರುತ್ತದೆ.

ಇನ್ನು ನಮ್ಮ ಊರುಗಳ ಸ್ಥಿತಿಯನ್ನು ನೋಡಿರಿ. ಬಸವಕಲ್ಯಾಣ, ಹುಮನಾಬಾದಗಳು ಸುಮಾರು 17.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಆದುದರಿಂದ ಮೇ ತಿಂಗಳ ಎರಡನೆಯ ವಾರದಲ್ಲಿ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮದುವೆಗಳ ಹಂಗಾಮೂ ಅದೇ. ಅಕ್ಷತೆ ಬೀಳುವುದೂ ಬಹುಮಟ್ಟಿಗೆ ಮಧ್ಯಾಹ್ನದ ಆಸುಪಾಸಿನಲ್ಲಿಯೇ. ನೆತ್ತಿಯ ಬೆಳಕಿನಲ್ಲಿ ಹಣೆ, ಮೂಗಿನ ತುದಿ ಹೊಳೆಯುತ್ತವೆ, ಕಣ್ಣುಗಳು ಕಪ್ಪು ಗುಳಿಗಳಾಗುತ್ತವೆ. ಶಾಮಿಯಾನದೊಳಗೆ ಹೊಕ್ಕರೆ ಅದರ ಕೆಂಪು, ಹಳದಿ ಬಟ್ಟೆಯ ಬಣ್ಣ ಮುಖಗಳಿಗೆ ಬಳಿದುಕೊಳ್ಳುತ್ತದೆ. ಮುಹೂರ್ತವನ್ನು ಛಾಯಾಗ್ರಾಹಕನಿಗಾಗಿ ಯಾರೂ ಮುಂದೂಡುವುದಿಲ್ಲ, ಮುಂದೂಡಲೂ ಬಾರದು.

ಹಾಗಾದರೆ ಉಪಾಯವೇನು? ದೀಪವನ್ನು ಸರಿಸಲಾಗದಿದ್ದರೆ ಮುಖವನ್ನು ಸರಿಸಬೇಕು. ಪೂರ್ವಾಭಿಮುಖವಾದ ಮನೆಯ ಮುಂದೆ ಮಧ್ಯಾಹ್ನ ಕಳೆಯುತ್ತಲೇ ನೆರಳು ಬೀಳುತ್ತದೆ. ಆ ನೆರಳಿನಲ್ಲಿ, ತೆರೆದ ಆಕಾಶದ ಕಡೆಗೆ ಮುಖ ಮಾಡಿ ಕೂರಿಸಿದರೆ ಆಕಾಶವೇ ದೊಡ್ಡ ದೀಪವಾಗುತ್ತದೆ. ಮನೆಯ ತಲಬಾಗಿಲಿನ ಒಳಗೆ ಎರಡು ಹೆಜ್ಜೆ ಹಿಂದೆ ನಿಲ್ಲಿಸಿದರೂ ಅದೇ ಫಲ. ಪಕ್ಕದಲ್ಲಿ ಒಬ್ಬರು ಬಿಳಿ ಧೋತರವನ್ನು ಬಿಡಿಸಿ ಹಿಡಿದರೆ ಪೂರಕ ಬೆಳಕು ಸಿದ್ಧ. ಬೇವಿನ ಮರದ ನೆರಳು ಹಿತವೆನಿಸಿದರೂ ಎಲೆಗಳ ಸಂದಿಯಿಂದ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಬೀಳುತ್ತವೆ. ಅಲ್ಲಿ ಎಚ್ಚರಿಕೆ ಬೇಕು. ಇಷ್ಟಕ್ಕೆ ಬೆಲೆಬಾಳುವ ಸಲಕರಣೆ ಬೇಕಿಲ್ಲ, ಐದು ನಿಮಿಷ ಮುಂಚೆ ಬಂದು ಅಂಗಳವನ್ನು ನೋಡಿಕೊಳ್ಳುವ ತಾಳ್ಮೆ ಬೇಕು.

ಇನ್ನೊಂದು ಮಾತು. ನಮ್ಮ ಹಿರಿಯರ ತಲೆಯ ಮೇಲೆ ಬಿಳಿ ರುಮಾಲು, ಮೈಮೇಲೆ ಬಿಳಿ ಅಂಗಿ. ಕ್ಯಾಮೆರಾದ ಬೆಳಕಿನ ಮಾಪಕವು ತಾನು ಕಂಡದ್ದನ್ನೆಲ್ಲ ನಡುವಣ ಬೂದುಬಣ್ಣಕ್ಕೆ ಇಳಿಸಲು ಯತ್ನಿಸುತ್ತದೆ. ಪರಿಣಾಮವಾಗಿ ರುಮಾಲು ಮಾಸುತ್ತದೆ, ಮುಖ ಕಪ್ಪಿಡುತ್ತದೆ. ಅಳತೆಯನ್ನು ಮುಖದಿಂದ ತೆಗೆದುಕೊಳ್ಳಬೇಕು. ಅದರ ಬದಲು ಆಮೇಲೆ ಗಣಕಯಂತ್ರದಲ್ಲಿ ಮುಖಕ್ಕೆ ಬಿಳುಪು ಬಳಿಯುವ ಚಾಳಿ ಹೆಚ್ಚಿದೆ. ಹೊಲದಲ್ಲಿ ದುಡಿದ ಮುಖದ ಬಣ್ಣ ದೋಷವಲ್ಲ. ಅದನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ.

ಹುಮನಾಬಾದ ತಾಲೂಕಿನ ಜಲಸಂಗಿಯ ದೇವಾಲಯದಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆ ಇದ್ದಾಳೆ. ಓರೆ ಬೆಳಕು ಬರುವವರೆಗೆ ಆಕೆಯ ಮುಂದೆ ದಿನವಿಡೀ ಕಾಯಬಹುದು, ನಾಳೆ ಮತ್ತೆ ಬರಬಹುದು. ಆದರೆ ಎಂಬತ್ತರ ಅಜ್ಜಿಯನ್ನು ಬಿಸಿಲಿನಲ್ಲಿ ಕಾಯಿಸಲಾಗದು. ಹಣೆಯ ಮೇಲೆ ನೆರಳು ಬೀಳುತ್ತದೆಂದು ತಲೆಯ ಸೆರಗನ್ನು ಸರಿಸಲು ಹೇಳುವುದೂ ಸಲ್ಲದು. ನಮ್ಮ ಭಾಗವು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ ನಿಜಾಮರ ಛಾಯಾಗ್ರಾಹಕ ರಾಜಾ ದೀನದಯಾಳರು ಪರದೆಯ ಹೆಂಗಸರಿಗಾಗಿ 1892ರಲ್ಲಿ ಹೈದರಾಬಾದಿನಲ್ಲಿ ಪ್ರತ್ಯೇಕ ಸ್ಟುಡಿಯೋ ತೆರೆದು, ಅದನ್ನು ಮಹಿಳೆಯೊಬ್ಬರ ಕೈಗೆ ಒಪ್ಪಿಸಿದ್ದರು. ಪರದೆ ಬಿಟ್ಟು ಬನ್ನಿ ಎಂದು ಅವರು ಹೇಳಲಿಲ್ಲ, ತಮ್ಮ ವ್ಯವಸ್ಥೆಯನ್ನೇ ಬದಲಿಸಿಕೊಂಡರು. ಚಿತ್ರಕ್ಕೆ ಕುಳಿತವರ ಮರ್ಯಾದೆ ಮೊದಲು, ನಿಯಮ ಆಮೇಲೆ.

ಇಷ್ಟೆಲ್ಲ ಏಕೆ ಹೇಳುತ್ತಿರುವೆನೆಂದರೆ, ನಮ್ಮ ಅನೇಕ ಮನೆಗಳಲ್ಲಿ ಹಿರಿಯರು ತೀರಿಕೊಂಡ ದಿನ ಚಿತ್ರಕ್ಕಾಗಿ ಹುಡುಕಾಟ ನಡೆಯುತ್ತದೆ. ಯಾವುದೋ ಮದುವೆಯ ಗುಂಪುಚಿತ್ರದಿಂದ ಒಂದು ಮುಖವನ್ನು ಕತ್ತರಿಸಿ, ಹಿಗ್ಗಿಸಿ, ಚೌಕಟ್ಟು ಕಟ್ಟಿಸಿ ಹಾರ ಹಾಕುತ್ತಾರೆ. ಆ ಮುಖದಲ್ಲಿ ಕಣ್ಣುಗಳೇ ಕಾಣಿಸುವುದಿಲ್ಲ. ಮೊಮ್ಮಕ್ಕಳಿಗೆ ಅಜ್ಜನೆಂದರೆ ಆ ಎರಡು ಕಪ್ಪು ಗುಳಿಗಳೇ ಆಗಿಬಿಡುತ್ತವೆ.

ಆದುದರಿಂದ ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ನಿಮ್ಮ ಕೈಯಲ್ಲಿ ಈಗ ಮೊಬೈಲ್ ಇದ್ದೇ ಇದೆ. ಮುಂದಿನ ಸಲ ಊರಿಗೆ ಬಂದಾಗ ಸಂಜೆಯ ಹೊತ್ತು ಹಿರಿಯರನ್ನು ಕಟ್ಟೆಯ ಮೇಲೆ ಕೂರಿಸಿ, ಅವರೊಡನೆ ಮಾತನಾಡುತ್ತ ಒಂದು ಚಿತ್ರ ತೆಗೆಯಿರಿ. 45 ಡಿಗ್ರಿ ಆಯಿತೋ ಇಲ್ಲವೋ ಎಂದು ಅಳೆಯಬೇಡಿರಿ. ಕಣ್ಣು ಕಾಣುತ್ತದೆಯೇ ಎಂದಷ್ಟೇ ನೋಡಿರಿ.